ಏಳನೇ ಇಯತ್ತೆಯ ಮೀನಿನ ಕಟ್ಟೆ

ನನಗೆ ಮೀನಿನ ಮೇಲೆ ಪ್ರೀತಿ ಉಕ್ಕಿ ಬಂದಿತ್ತು ಎಂದು ಯಾರೂ ತಿಳಿಯಬಾರದು. ನಾನು ತೊಟ್ಟಿ ತಂದದ್ದು ನೀರು ಭಾರ ಎಂಬ ಒಂದೇ ಕಾರಣಕ್ಕೆ. ಮೂರಡಿ ಉದ್ದದ ಗಾಜಿನ ತೊಟ್ಟಿಗೆ ಮರಳು ಹಾಕಿ ನೀರು ತುಂಬಿಸಿದರೆ ನಾಲ್ಕು ಜನ ಸೇರಿದರೂ ಅಲುಗಿಸಲಾರರು. ಒಮ್ಮೆ ಇಟ್ಟರೆ ಯಾರೂ ಎತ್ತಿ ಆಚೆ ಇಡಲಾಗದಂಥ ಒಂದು ವಸ್ತು ಆಗ ನನಗೆ ತುರ್ತಾಗಿ ಬೇಕಾಗಿತ್ತು.

ನಾನು ಮುಂಬಯಿಯ ಕಾಂದಿವಲಿಯಲ್ಲಿ ಕನ್ನಡ ಮಾಧ್ಯಮದ ಶಾಲೆಯೊಂದರ ಟೀಚರ್. ಒಂದೇ ಬಿಲ್ಡಿಂಗಿನಲ್ಲಿ ನಾಲ್ಕು ಭಾಷೆಗಳ ಶಾಲೆ. ನಮ್ಮದು ಎಲ್ಲಕ್ಕಿಂತ ಸಣ್ಣದು. ಬಿಜಾಪುರ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವವರ ಮಕ್ಕಳು ನಮ್ಮಲ್ಲಿ ಓದುತ್ತಾರೆ. ಆ ವರ್ಷ ನನ್ನ ಏಳನೇ ಇಯತ್ತೆಯಲ್ಲಿ ಹನ್ನೊಂದು ಮಕ್ಕಳಿದ್ದರು. ಎರಡನೇ ಮಾಳಿಗೆಯ ಮೂಲೆಯ ಕೋಣೆ ನಮ್ಮದು.

ನಮ್ಮ ಕೋಣೆಗಳು ಹೇಗೆ ಹೋಗುತ್ತವೆ ಎಂಬುದನ್ನು ನಾನು ಇಪ್ಪತ್ತು ವರ್ಷ ನೋಡಿದ್ದೇನೆ. ಆದೇಶ, ಕಾಗದ, ಸಹಿ ಏನೂ ಇರುವುದಿಲ್ಲ. ಮೊದಲು ಒಂದು ಕಪಾಟು ಬರುತ್ತದೆ, ‘ಎರಡು ದಿನ ಇರಲಿ ಮೇಡಂ’ ಅನ್ನುತ್ತಾರೆ. ಆಮೇಲೆ ಮುರಿದ ಬೆಂಚುಗಳು ಬರುತ್ತವೆ. ಬೇಸಿಗೆ ರಜೆ ಮುಗಿಸಿ ಬಂದರೆ ಬಾಗಿಲಿಗೆ ಬೀಗ. ಹೀಗೆ ನಮ್ಮ ಎರಡು ಕೋಣೆಗಳು ಮುರಿದ ಬೆಂಚುಗಳ ಪಾಲಾಗಿದ್ದವು. ಈಗ ಮೂರನೆಯದರ ಸರದಿ. ಜೂನ್‌ನಲ್ಲಿ ಶಾಲೆ ತೆರೆದ ಮೊದಲ ವಾರವೇ ಬಿಲ್ಡಿಂಗಿನ ಇನ್‌ಚಾರ್ಜ್ ಸರ್ ಬಾಗಿಲಲ್ಲಿ ನಿಂತು ಬೆರಳು ಮಡಚಿ ಮಕ್ಕಳನ್ನು ಎಣಿಸಿದರು. ಅವರು ಇನ್ನೊಂದು ಮಾಧ್ಯಮದ ಹೆಡ್‌ಮಾಸ್ಟರ್.

“ಮೇಡಂ, ಗ್ಯಾರಹ್ ಬಚ್ಚೋಂ ಕೇ ಲಿಯೇ ಪೂರಾ ಕಮರಾ? ಛಟ್ವೀ ಕೇ ಸಾಥ್ ಬಿಠಾ ದೋ,” ಎಂದರು. ಆರನೇ ಇಯತ್ತೆಯ ಜೊತೆ ಕೂರಿಸಿಬಿಡಿ ಎಂದು ಅರ್ಥ.

ಅವರು ಕೆಟ್ಟ ಮನುಷ್ಯರಲ್ಲ. ಅವರ ತರಗತಿಗಳಲ್ಲಿ ಒಂದು ಬೆಂಚಿಗೆ ನಾಲ್ಕು ಮಕ್ಕಳು ಕೂರುತ್ತಿದ್ದರು, ಅವರ ಕಷ್ಟ ನನ್ನ ಕಣ್ಣಿಗೂ ಕಾಣುತ್ತಿತ್ತು. “ಮುರಿದ ಬೆಂಚುಗಳ ಕೋಣೆ ಖಾಲಿ ಮಾಡಿಸಿ, ಎರಡು ಕೋಣೆ ಸಿಗುತ್ತದೆ,” ಎಂದೆ. ಮುರಿದ ಬೆಂಚನ್ನು ಬಿಸಾಡಲು ಮೇಲಿನ ಕಚೇರಿಯ ಅನುಮತಿ ಬೇಕಂತೆ. ಮಕ್ಕಳನ್ನು ಎಬ್ಬಿಸಲು ಯಾರ ಅನುಮತಿಯೂ ಬೇಡ. ನನಗೆ ಮೈಯೆಲ್ಲ ಉರಿಯಿತು. ಎರಡು ಇಯತ್ತೆ ಒಂದೇ ಕೋಣೆಯಲ್ಲಿ ಕೂತರೆ ಪಾಠ ಯಾರಿಗೂ ಆಗುವುದಿಲ್ಲ. ಮಕ್ಕಳು ದೀಪಾವಳಿಯೊಳಗೆ ಶಾಲೆ ಬಿಡುತ್ತಾರೆ, ಮುಂದಿನ ವರ್ಷ ‘ಏಳನೇ ಇಯತ್ತೆಯೇ ಇಲ್ಲವಲ್ಲ’ ಎಂದು ಅದನ್ನು ಮುಚ್ಚುತ್ತಾರೆ. ಎಂಟನೆಯದಕ್ಕೂ ಹೀಗೇ ಆಯಿತು.

ನನ್ನ ಮನೆ ಮುಲುಂಡ್‌ನಲ್ಲಿ. ನಮ್ಮ ಬಿಲ್ಡಿಂಗಿನ ಕೆಳಗೆ ಒಬ್ಬ ಹಲ್ಲಿನ ಡಾಕ್ಟರಿದ್ದರು. ಅವರು ಕ್ಲಿನಿಕ್ ಖಾಲಿ ಮಾಡಿ ಎರಡು ತಿಂಗಳಾದರೂ ಅವರ ಮೀನಿನ ತೊಟ್ಟಿ ಅಲ್ಲೇ ಇತ್ತು. ಹೊಸದಾಗಿ ಬಂದ ಬಟ್ಟೆ ಅಂಗಡಿಯವನು ಬೇರೆ ದಾರಿಯಿಲ್ಲದೆ ಅದರ ಸುತ್ತ ನೈಟಿಗಳನ್ನು ನೇತುಹಾಕಿದ್ದ. ಒಂದು ಸಂಜೆ ತರಕಾರಿ ಚೀಲ ಹಿಡಿದು ಅದನ್ನು ನೋಡುತ್ತ ನಿಂತವಳಿಗೆ ಥಟ್ಟನೆ ಹೊಳೆಯಿತು. ನಡುರಸ್ತೆಯಲ್ಲಿ ಒಬ್ಬಳೇ ನಕ್ಕೆ.

ಗ್ರಾಂಟ್ ರೋಡ್ ಸ್ಟೇಶನ್ನಿನ ಹತ್ತಿರದ ಗಲ್ಲಿಯೊಂದರಲ್ಲಿ ಸಾಕುವ ಮೀನಿನ ಅಂಗಡಿ ಇದೆ ಎಂದು ಯಾರೋ ಹೇಳಿದರು. ಹೋದೆ. ಅಂಗಡಿಯವರು ಉಡುಪಿ ಕಡೆಯವರು. ಚಿಕ್ಕಂದಿನಲ್ಲಿ ಹೋಟೆಲ್ ಕೆಲಸಕ್ಕೆಂದು ಬಂದು, ಹೋಟೆಲಿನ ಗಲ್ಲಾದ ಪಕ್ಕ ಇದ್ದ ತೊಟ್ಟಿ ತೊಳೆಯುತ್ತ ತೊಳೆಯುತ್ತ ಮೀನಿನ ಹುಚ್ಚು ಹತ್ತಿಸಿಕೊಂಡವರು. ಎಂತಹ ಮೀನು ಬೇಕು ಎಂದು ಕೇಳಿದರು. ಹಿಡಿದ ಜಾಗ ಬಿಡದ ಮೀನು ಕೊಡಿ ಎಂದೆ. ಅವರು ನನ್ನನ್ನು ಒಮ್ಮೆ ನೋಡಿ, ಕಾರಣ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

“ಹಾಗಾದ್ರೆ ಇದು ತಕೊಳ್ಳಿ ಟೀಚರೇ, ಡ್ವಾರ್ಫ್ ಸಿಕ್ಲಿಡ್. ನೋಡ್ಲಿಕ್ಕೆ ಬೆರಳಿನಷ್ಟು. ಆದ್ರೆ ಒಂದು ತೆಂಗಿನ ಗೆರಟೆ ತನ್ನದು ಅಂತ ಆಯ್ತು ಅಂದ್ರೆ ಮುಗೀತು. ನೀವು ಕೈ ಹಾಕಿದ್ರೂ ಕಚ್ಚಲಿಕ್ಕೆ ಬರ್ತದೆ.”

“ಕೊಡಿ,” ಎಂದೆ.

“ಈಗ ಕೊಡುದಿಲ್ಲ ಮಾರಾಯ್ರೆ. ಮೊದಲು ನೀರು ಹದ ಆಗ್ಬೇಕು. ತೊಟ್ಟಿ ಇಡಿ, ಮರಳು ಹಾಕಿ, ಫಿಲ್ಟರ್ ಓಡಿಸಿ, ದಿನಾ ಚಿಟಿಕೆ ಮೀನಿನ ತಿಂಡಿ ಹಾಕ್ತಾ ಇರಿ. ಒಳ್ಳೆ ಕ್ರಿಮಿ ಹುಟ್ಟಿ ಗಲೀಜು ತಿನ್ಲಿಕ್ಕೆ ಶುರು ಮಾಡ್ಬೇಕು. ಒಂದು ತಿಂಗಳು ಉಂಟು ಕೆಲಸ.”

ಬೇರೆಯವರಾದರೆ ಒಂದು ತಿಂಗಳೇ ಎಂದು ಮುಖ ಸಪ್ಪೆ ಮಾಡುತ್ತಿದ್ದರೇನೋ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮೀನೇ ಇಲ್ಲದ ತೊಟ್ಟಿ ಒಂದು ತಿಂಗಳು ಕೋಣೆ ಕಾಯುತ್ತದೆ ಎಂದರೆ ಇನ್ನೇನು ಬೇಕು?

ತೊಟ್ಟಿ ಇಡಲು ಗಟ್ಟಿ ಮೇಜು ಬೇಕಿತ್ತು. ಶಾಲೆಯ ಮೇಜುಗಳ ಸ್ಥಿತಿ ದೇವರಿಗೇ ಪ್ರೀತಿ. ನನ್ನ ತರಗತಿಯ ಒಬ್ಬ ಹುಡುಗಿಯ ತಂದೆ ಗೌಂಡಿ ಕೆಲಸದವರು. ಅವರನ್ನು ಕೇಳಿದೆ. ಒಂದು ಭಾನುವಾರ ಅವರು ಇಟ್ಟಿಗೆ, ಸಿಮೆಂಟು, ಕರಣಿ ಎಲ್ಲ ಹೊತ್ತು ತಂದು, ಕೋಣೆಯ ಮೂಲೆಯಲ್ಲಿ ತೊಲೆಯ ಮೇಲೆ ಭಾರ ಬೀಳುವ ಜಾಗ ನೋಡಿ, ಸೊಂಟದೆತ್ತರದ ಕಟ್ಟೆ ಕಟ್ಟಿದರು. ಗಿಲಾವು ಮಾಡಿ ಅಂಚು ಕೂಡ ಉಜ್ಜಿದರು. ಭಾನುವಾರ ಶಾಲೆಯ ಕೀಲಿ ನನ್ನ ಕೈಗೆ ಹೇಗೆ ಬಂತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅನುಮತಿ ಯಾರನ್ನೂ ಕೇಳಲಿಲ್ಲ ಎಂಬುದನ್ನು ಮಾತ್ರ ಸಂತೋಷದಿಂದ ಬರೆಯುತ್ತೇನೆ.

“ಇದನ್ನ ತಗೀಬೇಕಂದ್ರ ಸುತ್ತಿಗಿ ತಗೊಂಡ ಬರಬೇಕ್ರಿ ಟೀಚರ್,” ಎಂದು ಆ ತಂದೆ ಕಟ್ಟೆಯನ್ನು ತಟ್ಟಿದರು.

ಇನ್‌ಚಾರ್ಜ್ ಸರ್ ಅದನ್ನು ನೋಡಿದ್ದು ಗುರುವಾರ. ಅಷ್ಟರಲ್ಲಿ ಮೀನಿನ ಅಂಗಡಿಯವರು ಹುಡುಕಿಕೊಟ್ಟ ಸೆಕೆಂಡ್ ಹ್ಯಾಂಡ್ ತೊಟ್ಟಿ ಟೆಂಪೋದಲ್ಲಿ ಬಂದು, ಕಟ್ಟೆಯೇರಿ, ಮರಳು ನೀರು ತುಂಬಿಸಿಕೊಂಡು ಗುಳುಗುಳು ಅನ್ನುತ್ತಿತ್ತು. ತೆಂಗಿನ ಚಿಪ್ಪುಗಳಿಗೆ ಬಾಗಿಲು ಕೊರೆದು ಕವುಚಿಟ್ಟಿದ್ದೆವು. ಕಂಪೌಂಡಿನ ಬಾದಾಮಿ ಮರದ ಒಣ ಎಲೆಗಳನ್ನು ಮಕ್ಕಳು ಆರಿಸಿ ತೊಳೆದು ಹಾಕಿದ್ದರಿಂದ ನೀರು ತೆಳು ಚಹಾದ ಬಣ್ಣಕ್ಕೆ ತಿರುಗಿತ್ತು. ಈ ಮೀನಿಗೆ ಅಂಥ ನೀರೇ ಹಿತ.

“ಯೇ ಕ್ಯಾ ಹೈ?”

“ವಿಜ್ಞಾನ ಪ್ರಯೋಗ,” ಎಂದೆ.

“ಮಛಲೀ ಕಹಾಂ ಹೈ?”

“ಮೀನು ಮುಂದಿನ ತಿಂಗಳು ಬರುತ್ತದೆ. ನೀರು ಹದ ಆಗುತ್ತಿದೆ.”

ಅವರು ಚಹಾದ ಬಣ್ಣದ ನೀರನ್ನು, ಕಟ್ಟೆಯನ್ನು, ನನ್ನನ್ನು ನೋಡಿದರು. ಮೇಲೆ ಬರೆಯುತ್ತೇನೆ ಎಂದರು. ಬರೆಯಿರಿ, ನನ್ನ ಹೆಸರಿನ ಕಾಗುಣಿತ ಸರಿಯಾಗಿರಲಿ ಎಂದೆ. ಆಮೇಲೆ ಸ್ವಲ್ಪ ಹೆದರಿದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಹೆದರಿಕೆ ಮಧ್ಯಾಹ್ನದ ಊಟದ ಹೊತ್ತಿಗೆ ಹೋಯಿತು.

ಜುಲೈಯಲ್ಲಿ ಮೀನು ತಂದೆ. ಒಂದು ಗಂಡು, ಎರಡು ಹೆಣ್ಣು, ಜೊತೆಗೆ ಹನ್ನೆರಡು ಪುಟ್ಟ ಟೆಟ್ರಾ ಮೀನು. ಟೆಟ್ರಾಗಳು ಬಯಲಲ್ಲಿ ಆರಾಮಾಗಿ ಓಡಾಡುವುದನ್ನು ಕಂಡರೆ ಸಿಕ್ಲಿಡ್‌ಗಳಿಗೆ ಭಯವಿಲ್ಲ ಎಂದು ಖಾತ್ರಿಯಾಗುತ್ತದಂತೆ, ಇಲ್ಲದಿದ್ದರೆ ಚಿಪ್ಪು ಬಿಟ್ಟು ಬರುವುದೇ ಇಲ್ಲವಂತೆ. ಗ್ರಾಂಟ್ ರೋಡಿನಿಂದ ಕಾಂದಿವಲಿಯವರೆಗೆ ಲೇಡೀಸ್ ಡಬ್ಬಿಯಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಎದೆಗೆ ಅವಚಿಕೊಂಡು ನಿಂತೆ. ಲೋಕಲ್ಲಿನಲ್ಲಿ ನನಗೆ ಎಂದೂ ಜಾಗ ಬಿಡದವರು ಅವತ್ತು ‘ಮಛಲೀ ಹೈ, ಮಛಲೀ ಹೈ’ ಎಂದು ಸರಿದು ಕೊಟ್ಟರು.

ಮಕ್ಕಳಿಗೆ ನಿರಾಸೆಯಾಯಿತು. ಹೆಣ್ಣು ಮೀನುಗಳು ಬೂದು ಬಣ್ಣದವು, ಹೆಬ್ಬೆರಳಷ್ಟೂ ಇರಲಿಲ್ಲ. ಗೌಂಡಿಯವರ ಮಗಳು ಗಾಜಿಗೆ ಮೂಗು ಒತ್ತಿ, “ಇವಕ್ಕ ಕಲರ್ರ ಇಲ್ಲಲ್ರೀ ಟೀಚರ್, ದುಕಾನದಾಂವ ಫಸಾಯ್ಸಿದಾ,” ಎಂದಳು. ಎರಡು ವಾರ ಕಳೆಯಲಿಲ್ಲ, ಒಂದು ಹೆಣ್ಣು ಇದ್ದಕ್ಕಿದ್ದಂತೆ ಅರಿಸಿನದಷ್ಟು ಹಳದಿಯಾಯಿತು. ಒಂದು ಚಿಪ್ಪಿನ ಒಳಛಾವಣಿಗೆ ಮೊಟ್ಟೆ ಅಂಟಿಸಿ ಬಾಗಿಲಲ್ಲಿ ನಿಂತಿತು. ತನಗಿಂತ ಎರಡು ಪಟ್ಟು ದೊಡ್ಡ ಗಂಡನ್ನು ಮೂಲೆಗೆ ಅಟ್ಟಿತು. ಹಿಂದಿ ಕನ್ನಡ ಬೆರೆಸಿ ಮುಕ್ಕಾಲು ವಾಕ್ಯದಲ್ಲಿ ಮಾತು ಮುಗಿಸುತ್ತಿದ್ದ ಮಕ್ಕಳು, ಅದು ಯಾಕೆ ಬೈಯುತ್ತಿದೆ, ಗಂಡು ಏನು ತಪ್ಪು ಮಾಡಿತು ಎಂದು ಗಂಟೆಗಟ್ಟಲೆ ಜಗಳವಾಡಿದರು. ಆ ಜಗಳವನ್ನೇ ಬರೆದು ತನ್ನಿ ಎಂದೆ. ಬರೆದರು. ಈ ಮೀನಿಗೂ ಮುಂಬಯಿಯ ಕನ್ನಡಕ್ಕೂ ಹೋಲಿಕೆ ಕಟ್ಟಿ ಭಾಷಣ ಮಾಡುವ ಆಸೆ ಯಾರಿಗಾದರೂ ಇದ್ದರೆ ದಯವಿಟ್ಟು ಬೇಡ. ಮೀನು ಮೀನಿನ ಪಾಡಿಗೆ ಇತ್ತು, ನನಗೆ ಕೋಣೆ ಬೇಕಿತ್ತು.

ಆಮೇಲೆ ನಾನು ಮಾಡಿದ ತಪ್ಪಿನ ಬಗ್ಗೆ ಹೇಳಬೇಕು.

ಆಗಸ್ಟಿನಲ್ಲಿ ಮಳೆ ಜೋರಾದಾಗ ನಲ್ಲಿಯ ನೀರು ಕೆಂಪಗೆ ಬರತೊಡಗಿತು. ಶಾಲೆಯ ಕೆಲಸದ ಮಾವಶಿ ಕುಡಿಯುವ ನೀರಿನ ಡ್ರಮ್ಮಿಗೆ ಪಟಕ ಆಡಿಸುತ್ತಿದ್ದರು. ಈ ಊರಿನಲ್ಲಿ ಮಳೆಗಾಲ ಕಂಡ ಯಾರಿಗೂ ಅದು ಗೊತ್ತು. ಬಿಳಿ ಕಲ್ಲಿನಂಥ ಪಟಕದ ತುಂಡನ್ನು ದಾರಕ್ಕೆ ಕಟ್ಟಿ ನೀರಲ್ಲಿ ಹತ್ತು ಸುತ್ತು ತಿರುಗಿಸಿದರೆ ಮಣ್ಣು ತಳಕ್ಕೆ ಕೂರುತ್ತದೆ. ನನ್ನ ಅಮ್ಮನೂ ಹಾಗೇ ಮಾಡುತ್ತಿದ್ದರು, ಏಳು ವರ್ಷದವಳಾಗಿದ್ದಾಗಿನಿಂದ ನಾನೂ ಮಾಡಿದ್ದೇನೆ. ತೊಟ್ಟಿಯ ನೀರು ಬದಲಿಸಲು ಹಿಂದಿನ ದಿನವೇ ಹಿಡಿದಿಟ್ಟ ಬಕೆಟ್ಟುಗಳ ಮುಂದೆ ಆ ಬೆಳಿಗ್ಗೆ ನಿಂತಾಗ ಕೆಂಪು ನೀರು ಕಂಡಿತು, ಕೈ ತಾನಾಗಿ ಪಟಕಕ್ಕೆ ಹೋಯಿತು. ಹತ್ತು ಸುತ್ತಲ್ಲ, ಇಪ್ಪತ್ತು ಸುತ್ತು ತಿರುಗಿಸಿರಬೇಕು. ಮೀನಿಗೆ ಒಳ್ಳೆಯದಾಗಲಿ ಎಂದು ತೊಟ್ಟಿಯ ಅರ್ಧ ನೀರು ತೆಗೆದು, ತಿಳಿನೀರನ್ನು ಬಸಿದು ಹಾಕಿದೆ.

ತೊಟ್ಟಿ ಅಷ್ಟು ನಿಚ್ಚಳವಾಗಿ ಎಂದೂ ಕಂಡಿರಲಿಲ್ಲ. ಮಕ್ಕಳು ಚಪ್ಪಾಳೆ ಹೊಡೆದರು. ಮೂರನೇ ಪಿರಿಯಡ್ಡಿನಲ್ಲಿ ಟೆಟ್ರಾಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಊಟದ ಬೆಲ್ ಹೊಡೆಯುವಷ್ಟರಲ್ಲಿ ಹತ್ತು ಟೆಟ್ರಾ, ಗಂಡು, ಒಂದು ಹೆಣ್ಣು ಸತ್ತಿದ್ದವು. ಚಿಪ್ಪಿನ ಬಾಗಿಲಲ್ಲಿ ಹಳದಿ ತಾಯಿ ಇನ್ನೂ ನಿಂತಿತ್ತು. ಅದರ ಕಿವಿರು ಹುಚ್ಚೆದ್ದು ಬಡಿದುಕೊಳ್ಳುತ್ತಿತ್ತು.

ಅಂಗಡಿಯವರಿಗೆ ಫೋನ್ ಮಾಡಿದೆ. “ಅಯ್ಯೋ, ಪಟಕ ಹಾಕಿದ್ರಾ? ಹುಳಿ ಏರಿ ಕಿವಿರು ಸುಟ್ಟ ಹಾಗೆ ಆಗ್ತದೆ. ನಲ್ಲಿ ನೀರು ನೇರ ಹಾಕ್ಬೇಡಿ, ಕ್ಲೋರಿನ್ ಇರ್ತದೆ. ನಿನ್ನೆ ಹಿಡಿದಿಟ್ಟ ನೀರು ಇದ್ರೆ ಮಗ್ ಮಗ್ ಹಾಕಿ ಬದಲಿಸಿ, ಒಮ್ಮೆಲೇ ಬೇಡ.”

ನಿನ್ನೆಯ ನೀರು ಶಾಲೆಯಲ್ಲಿ ಎಲ್ಲಿತ್ತು? ಇದ್ದದ್ದಕ್ಕೆಲ್ಲ ಪಟಕ ಬಿದ್ದಿತ್ತು. ನನಗೆ ಅಳು ಬಂತು. ಮಕ್ಕಳ ಮುಂದೆ, ನಾನೇ ಕೊಂದೆ, ಪಟಕ ಹಾಕಿದವಳು ನಾನು ಎಂದು ಹೇಳಿಬಿಟ್ಟೆ. ಯಾರೂ ಸಮಾಧಾನ ಹೇಳಲಿಲ್ಲ, ಅವರಿಗೂ ಸಿಟ್ಟು ಬಂದಿತ್ತು. ಗೌಂಡಿಯವರ ಮಗಳು ಮಾತ್ರ ಚಪ್ಪಲಿ ಮೆಟ್ಟಿಕೊಳ್ಳುತ್ತ, “ನಮ್ಮ ಮನ್ಯಾಗ ನಿನ್ನಿ ನೀರು ಐತ್ರಿ,” ಎಂದಳು.

ಹೌದಲ್ಲ! ಮಕ್ಕಳಿರುವ ಗುಡಿಸಲು ಓಣಿಗಳಲ್ಲಿ ನೀರು ಬರುವುದೇ ಬೆಳಿಗ್ಗೆ ಒಂದು ತಾಸು. ಎಲ್ಲರೂ ಮರುದಿನಕ್ಕೆಂದು ನೀಲಿ ಡ್ರಮ್ಮುಗಳಲ್ಲಿ ತುಂಬಿಟ್ಟುಕೊಳ್ಳುತ್ತಾರೆ. ನಮ್ಮ ಮಕ್ಕಳ ಮನೆಗಳು ಶಾಲೆಯಿಂದ ಐದು ನಿಮಿಷ. ಊಟದ ಬಿಡುವಿನಲ್ಲಿ ಹನ್ನೊಂದು ಮಕ್ಕಳೂ ಓಡಿದರು. ಬರುವಾಗ ಬಾಟಲಿ, ಡಬ್ಬ, ಒಬ್ಬನ ಕೈಯಲ್ಲಿ ಪ್ರೆಶರ್ ಕುಕ್ಕರ್. ಹಿಂದೆ ನಾಲ್ಕೈದು ತಾಯಂದಿರು ಕೊಡ ಹೊತ್ತು ಎರಡು ಮಾಳಿಗೆ ಹತ್ತಿ ಬಂದರು. ಪ್ರತಿಯೊಬ್ಬರೂ ಬಾಗಿಲಲ್ಲೇ ಸಾಕ್ಷಿ ನುಡಿದರು: “ಪಟಕ ಹಾಕಿಲ್ರಿ ಟೀಚರ್, ಬರೇ ನಳದ ನೀರು.”

ಮರುದಿನ ಬೆಳಿಗ್ಗೆಯವರೆಗೆ ಆ ಮನೆಗಳಿಗೆ ಬೇರೆ ನೀರಿರಲಿಲ್ಲ. ಅದನ್ನು ಅವರೂ ಹೇಳಲಿಲ್ಲ, ನಾನೂ ಆ ಗಡಿಬಿಡಿಯಲ್ಲಿ ಯೋಚಿಸಲಿಲ್ಲ. ಸಂಜೆಯವರೆಗೆ ಮಗ್ ಮಗ್ ತೆಗೆದು ಮಗ್ ಮಗ್ ಹಾಕಿದೆವು. ಎರಡು ಟೆಟ್ರಾ ಉಳಿದವು, ಹಳದಿ ತಾಯಿ ಉಳಿಯಿತು. ಮೊಟ್ಟೆಗಳು ಬೆಳ್ಳಗಾಗಿ ಕೆಟ್ಟವು. ಅದು ಮಾತ್ರ ಇನ್ನೊಂದು ದಿನ ಬಾಗಿಲು ಬಿಡಲಿಲ್ಲ. ಅದನ್ನು ನೋಡುವ ಮುಖ ನನಗಿರಲಿಲ್ಲ, ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ಭಿನ್ನರಾಶಿ ಬರೆದೆ.

ಸುದ್ದಿ ಕೆಳಗೂ ಹೋಯಿತು. ಇನ್‌ಚಾರ್ಜ್ ಸರ್ ಬಂದು, ಈಗಲಾದರೂ ಖಾಲಿ ಮಾಡುತ್ತೀರಲ್ಲ ಎಂದು ಮೆತ್ತಗೆ ಕೇಳಿದರು. “ಇನ್ನೂ ಮೂರು ಜೀವ ಇವೆ ಸರ್. ನಿಮಗೆ ಖಾಲಿ ಕಾಣುತ್ತದೆಯೇ?” ಎಂದೆ. ಗ್ರಾಂಟ್ ರೋಡಿನಿಂದ ಹೊಸ ಗಂಡು ಮೀನು ತಂದೆ. ಅಲ್ಲಿಯವರೆಗೆ ಆ ತೊಟ್ಟಿ ನನ್ನ ಹಟದ್ದು, ನನ್ನ ಉಪಾಯದ್ದು. ಆ ದಿನದ ನಂತರ ಓಣಿಯ ತಾಯಂದಿರು ಮಕ್ಕಳನ್ನು ಬಿಡಲು ಬಂದರೆ ಗೇಟಿನಲ್ಲಿ ತಿರುಗುತ್ತಿರಲಿಲ್ಲ, ಮೇಲೆ ಬಂದು ಮೀನು ನೋಡಿ ಹೋಗುತ್ತಿದ್ದರು.

ದೀಪಾವಳಿ ರಜೆ ಮುಗಿದ ವಾರ ಮೇಲಿನ ಕಚೇರಿಯಿಂದ ಒಬ್ಬ ಮೇಡಂ ತಪಾಸಣೆಗೆ ಬಂದರು. ಅಷ್ಟರಲ್ಲಿ ಹಳದಿ ತಾಯಿ ಮತ್ತೆ ಮೊಟ್ಟೆಯಿಟ್ಟು, ಈ ಸಲ ಮರಿ ಮಾಡಿ, ಸಾಸಿವೆ ಕಾಳಿನಷ್ಟು ಮರಿಗಳ ಗುಂಪನ್ನು ಬಾದಾಮಿ ಎಲೆಗಳ ಮೇಲೆ ಮೇಯಿಸಿಕೊಂಡು ಓಡಾಡುತ್ತಿತ್ತು. ಮೇಡಂ ಬೈಯುತ್ತಾರೆ ಎಂದು ನಾನು ಮಾತುಗಳನ್ನು ಸಾಲಾಗಿ ಜೋಡಿಸಿಟ್ಟುಕೊಂಡಿದ್ದೆ. ಅವರು ಬೈಯಲೇ ಇಲ್ಲ. ಕನ್ನಡಕ ತೆಗೆದು ಗಾಜಿಗೆ ಬಾಗಿ ಐದು ನಿಮಿಷ ನೋಡಿದರು.

“ಕಿತನಾ ಸುಂದರ್ ಹೈ! ಇಸೇ ನೀಚೇ ಲಗಾಇಯೇ, ಗೇಟ್ ಕೇ ಪಾಸ್. ಸಬ್ ದೇಖೇಂಗೇ.”

ಕೆಳಗೆ, ಗೇಟಿನ ಹತ್ತಿರ, ಬಂದವರಿಗೆಲ್ಲ ಕಾಣುವಂತೆ! ಇನ್‌ಚಾರ್ಜ್ ಸರ್ ಮುಖ ಅರಳಿತು. ಅಲುಗಾಡಿಸಲಾಗದು ಎಂದು ತಂದಿಟ್ಟದ್ದನ್ನು ಚೆಂದ ಇದೆ ಎಂಬ ಕಾರಣಕ್ಕೇ ಎತ್ತುತ್ತಾರೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

“ಮತ್ತೆ ಈ ಕೋಣೆ?” ಎಂದು ಕೇಳಿದೆ.

ಹನ್ನೊಂದು ಮಕ್ಕಳಿಗೆ ಆರನೆಯವರ ಜೊತೆ ಜಾಗ ಸಾಕಾಗುತ್ತದೆಯಲ್ಲ ಎಂದರು ಮೇಡಂ.

“ಮೀನು ಕೆಳಗೆ ಬರುವುದಿಲ್ಲ, ಮರಿಗಳಿವೆ. ಮಕ್ಕಳೂ ಏಳುವುದಿಲ್ಲ. ಎಬ್ಬಿಸಬೇಕೆಂದರೆ ಬರಹದಲ್ಲಿ ಕೊಡಿ,” ಎಂದು ಹಿಂದಿಯಲ್ಲಿ, ಹಲ್ಲು ಕಚ್ಚಿಕೊಂಡು ಹೇಳಿದೆ. ಅವರು ನಕ್ಕರು. ಇಂಥದಕ್ಕೆಲ್ಲ ಬರಹ ಯಾಕೆ ಎಂದರು. ಕಟ್ಟೆ ಒಡೆಸಿ ಸೋಮವಾರದೊಳಗೆ ತೊಟ್ಟಿ ಕೆಳಗಿಳಿಸಿ ಎಂದು ಇನ್‌ಚಾರ್ಜ್ ಸರ್‌ಗೆ ಹೇಳಿ ಇಳಿದುಹೋದರು.

ಸೋಮವಾರ ನಾನು ಒಂದು ತಾಸು ಮೊದಲೇ ಬಂದು ಕೋಣೆಯ ಬಾಗಿಲಿಗೆ ಕುರ್ಚಿ ಹಾಕಿ ಕೂತೆ. ಸುತ್ತಿಗೆ ತಂದವನು ನನ್ನನ್ನು ದಾಟಿ ಹೋಗಲಿ ನೋಡೋಣ ಎಂದಿದ್ದೆ. ಯಾರೂ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಇನ್‌ಚಾರ್ಜ್ ಸರ್ ಮೆಟ್ಟಿಲಲ್ಲಿ ನನ್ನನ್ನು ಕಂಡು ಬೇಗ ಬೇಗ ಇಳಿದುಹೋದರು. ಆ ವಾರ ಹೋಯಿತು, ಮೇಲಿನ ಕಚೇರಿಯ ಮೇಡಂ ಮತ್ತೆ ಬರಲಿಲ್ಲ, ಆ ವರ್ಷವೂ ಹೋಯಿತು, ಹನ್ನೊಂದು ಮಕ್ಕಳೂ ಆ ಕೋಣೆಯಲ್ಲೇ ಪರೀಕ್ಷೆ ಬರೆದರು. ಇವತ್ತಿಗೂ ಕೋಣೆ ನಮ್ಮದೇ. ನನ್ನ ಬಾಯಿಗೆ ಹೆದರಿ ಬಿಟ್ಟರು ಎಂದು ನಾನು ಎರಡು ದಿನ ಬೀಗಿದ್ದೆ. ನಿಜ ಏನೆಂದು ತಿಳಿದದ್ದು ಆ ವಾರದ ಬುಧವಾರ, ಗೌಂಡಿಯವರು ಮಗಳ ಯಾವುದೋ ಸರ್ಟಿಫಿಕೇಟಿಗೆಂದು ಮಧ್ಯಾಹ್ನ ಶಾಲೆಗೆ ಬಂದಾಗ.

ಕೂಲಿ ಬೇಕಾದವರು ಬೆಳಿಗ್ಗೆ ಬಂದು ನಿಲ್ಲುವ ಚೌಕಕ್ಕೆ ಇಲ್ಲಿ ನಾಕಾ ಅನ್ನುತ್ತಾರೆ. ಎಂಟಕ್ಕೆಲ್ಲ ಕಂತ್ರಾಟದಾರರು ಬಂದು ಬೇಕಾದವರನ್ನು ಕರೆದುಕೊಂಡು ಹೋಗುತ್ತಾರೆ. ಹತ್ತರ ನಂತರವೂ ಅಲ್ಲಿ ಉಳಿದವರು ಆ ದಿನ ಕೆಲಸ ಸಿಗದವರು. ಸೋಮವಾರ ಹತ್ತೂವರೆಗೆ ಇನ್‌ಚಾರ್ಜ್ ಸರ್ ಆ ನಾಕಾಕ್ಕೆ ಹೋಗಿದ್ದರು.

“ಇಟ್ಟಂಗಿ ಕಟ್ಟಿ ಒಡೀಬೇಕು, ಅರ್ಧಾ ದಿನದ ಕೆಲಸಾ, ಇಡೀ ದಿನದ ಪಗಾರ ಅಂದ್ರರಿ,” ಎಂದರು ಗೌಂಡಿಯವರು. “ನಾಕ ಮಂದಿ ಎದ್ದು ನಿಂತ್ರು. ಯಾವ ಸಾಳಿ ಅಂತ ಇವರು ಕೇಳಿದ್ರು. ಹೇಳಿದ್ರು. ಯಾವ ಖೋಲಿ ಅಂತ ಕೇಳಿದ್ರು. ಮ್ಯಾಲಿನ ಮೂಲಿ ಖೋಲಿ, ಮೀನ ಇಟ್ಟಾರಲ್ಲ ಅದು ಅಂದ್ರು ಸರ್. ಎದ್ದವರು ಹೊಳ್ಳಿ ಕುಂತ್ರು.”

“ನಾಲ್ಕೂ ಜನ?”

“ನಾಕೂ ಮಂದಿ ರೀ. ಅದರಾಗ ಇಬ್ಬರ ಮಕ್ಕಳು ನಮ್ಮ ಸಾಳಿಗೆ ಬರೂದ ಇಲ್ಲ, ಇಂಗ್ಲಿಷಿಗೆ ಹೋಗ್ತಾವ. ಅವರೂ ಕುಂತ್ರು.”

“ನೀವು ಎಲ್ಲಿದ್ದಿರಿ?”

“ನಾನೂ ಅಲ್ಲೇ ಇದ್ನಿರಿ. ಕಡೀಕ ನನ್ನ ಹಂತೇಕ ಬಂದು, ತೂ ಆಯೇಗಾ ಕ್ಯಾ ಅಂದ್ರು. ಕಟ್ಟಿದಾಂವ ನಾನ ಅಂತ ಅವರಿಗೇನ ಗೊತ್ತು ಪಾಪ.”

“ಏನು ಹೇಳಿದಿರಿ?”

“ಕಟ್ಟೂದಿದ್ರ ಬರ್ತೀನಿ ಅಂದೆ.”

ಅವರು ಅದನ್ನು ಹೇಳಿ ಸರ್ಟಿಫಿಕೇಟಿನ ಕಾಗದ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ಸೋಮವಾರ ಬೇರೆ ಕೆಲಸ ಸಿಕ್ಕಿತೇ ಎಂದು ಕೇಳಿದೆ. ಇಲ್ಲ ಎಂದರು.